ಯಂತ್ರ ಬರುವ ತನಕ ಕಾಯಬೇಕಿಲ್ಲ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳಿಗೆ ನರತಜ್ಞರೂ ಯಂತ್ರಗಳೂ ಬರುವ ತನಕ ನರಗಳಿಗೆ ತಗಲುವ ಗಿಯಾನ್-ಬಾರೆ ಸಿಂಡ್ರೋಮ್‌ನ ಪತ್ತೆ ಅಸಾಧ್ಯವೆಂಬ ವಾದ ನಿಲ್ಲದು. ಚಿಕೂನ್‌ಗುನ್ಯಾವೋ ಭೇದಿಯೋ ಇಳಿದ ಕೆಲವೇ ವಾರಗಳಲ್ಲಿ ಎರಡೂ ಕಾಲು ಸೋತು, ಆ ಸೋಲು ದಿನೇ ದಿನೇ ಮೇಲೇರುತ್ತಿದ್ದರೆ, ಮೊಣಕಾಲಿಗೆ ಸುತ್ತಿಗೆ ತಟ್ಟಿದಾಗ ಕಾಲು ಚಿಮ್ಮದಿದ್ದರೆ, ಸಂಶಯಕ್ಕೆ ಅಷ್ಟು ಸಾಕು. ಬೆನ್ನುಹುರಿ ದ್ರವದ ಪ್ರೋಟೀನ್ ಮೊದಲ ವಾರ ಸಹಜವಾಗಿಯೇ ಇರಬಹುದು, ನರವಾಹಕತೆ ಪರೀಕ್ಷೆಯೂ ಹಾಗೆಯೇ. ಯಂತ್ರವೂ ಸುಳ್ಳು ಸಮಾಧಾನ ಹೇಳಬಲ್ಲದು! ಹಾಗಾದರೆ ಜ್ವರದಿಂದ ಸುಸ್ತಾದವರೆಲ್ಲ ಮಿರಜದ್ದೋ ಬೆಳಗಾವಿಯದ್ದೋ ದೊಡ್ಡ ಆಸ್ಪತ್ರೆಗೆ ಓಡಬೇಕೇ? ಬೇಡ. ಬರೀ ಸುಸ್ತಿಗೆ ಕಾಲಿನ ಆ ಚಿಮ್ಮುವಿಕೆ ಅಳಿಯುವುದಿಲ್ಲ. ಅಳಿದವರಲ್ಲಂತೂ ತಡ ಸಲ್ಲದು: ಈ ರೋಗದಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ, ಇಮ್ಯುನೊಗ್ಲಾಬ್ಯುಲಿನ್ ಮೊದಲ ಎರಡು ವಾರದೊಳಗೆ ಸಿಗಬೇಕು. ತಡವಾಗದಿರಲು ದಾರಿಯೂ ಇದೆ: ಪೋಲಿಯೊ ಕಣ್ಗಾವಲಿನಲ್ಲಿ 15 ವರ್ಷದೊಳಗಿನವರ ಹಠಾತ್ ಲಕ್ವವನ್ನು ವರದಿ ಮಾಡುವ ವ್ಯವಸ್ಥೆ ಈಗಾಗಲೇ ಇದೆ. ಆರೋಗ್ಯ ಇಲಾಖೆ ಅದನ್ನು ದೊಡ್ಡವರಿಗೂ ವಿಸ್ತರಿಸಲಿ.