ಹುಟ್ಟಿದ ಊರಿನ ಲೆಕ್ಕ

ಮಧುಗಿರಿಯಿಂದ ಪಾವಗಡಕ್ಕೆ ಹೊರಟ ಬಸ್ಸು ನಡುದಾರಿಯಲ್ಲಿ ಕೆಲವು ಮೈಲಿ ಆಂಧ್ರದ ನೆಲದ ಮೇಲೆ ಓಡಿ, ಅನಂತರ ಪುನಃ ಕರ್ನಾಟಕವನ್ನು ಸೇರುತ್ತದೆ. ಪಾವಗಡವು ತುಮಕೂರು ಜಿಲ್ಲೆಗೆ ಸೇರಿದ ತಾಲ್ಲೂಕೇ ಆದರೂ ಜಿಲ್ಲೆಯ ಉಳಿದ ಭಾಗಕ್ಕೂ ಅದಕ್ಕೂ ನೆಲದ ನಂಟಿಲ್ಲ. ಮೂರು ಕಡೆ ಆಂಧ್ರ, ಒಂದು ಕಡೆ ಚಿತ್ರದುರ್ಗ. ಅಲ್ಲಿ ಎಷ್ಟೋ ಮನೆಗಳ ಒಳಮಾತು ತೆಲುಗು, ಶಾಲೆಯ ಪಾಠ ಕನ್ನಡ, ಸಂತೆಯ ವ್ಯವಹಾರ ಎರಡರಲ್ಲಿಯೂ. ಗಡಿಯಾಚೆಯ ಮಡಕಶಿರಾ ಕಡೆಗೆ ಕಾಲಿಟ್ಟರೆ ಕನ್ನಡವನ್ನೇ ಆಡುವ ಮನೆಗಳು, ಕನ್ನಡ ಶಾಲೆಗಳು. ಗಡಿ ದಾಟಿದುದು ಪ್ರಯಾಣಿಕನಿಗೆ ತಿಳಿಯಬೇಕಾದರೆ ಅಂಗಡಿಯ ಹಲಗೆಯನ್ನು ನೋಡಬೇಕು. ಲಿಪಿಗಳೂ ಅಕ್ಕತಂಗಿಯರಾದುದರಿಂದ ಕಣ್ಣರಳಿಸಿಯೇ ನೋಡಬೇಕು.

ಈ ಬಸ್ಸಿನ ಮಾತಿಗೂ ಅಮೆರಿಕಾದ ವಲಸೆ ನೀತಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವಿದೆ.

ಶಿರಾ, ಕೊರಟಗೆರೆಗಳಿಂದ ಒಂದು ತಲೆಮಾರಿನ ಹಿಂದೆ ಬೆಂಗಳೂರಿಗೆ ಬಂದು ನೆಲೆಸಿದ ಕುಟುಂಬಗಳು ಅನೇಕ. ಮಳೆ ಕೈಕೊಟ್ಟಿತು, ಕಡಲೆಕಾಯಿ ಬೆಳೆ ಒಣಗಿತು, ಹಿರಿಯರು ಗಂಟುಮೂಟೆ ಕಟ್ಟಿದರು. ಅಂತಹ ಮನೆಗಳಲ್ಲಿ ಕೆಲವಕ್ಕೆ ಈಗ ಅಮೆರಿಕಾದಲ್ಲಿ ಒಬ್ಬ ಮಗನೋ ಮಗಳೋ ಇದ್ದಾರೆ. ಹೊರದೇಶದಿಂದ ಹೊಸದಾಗಿ ಕರೆಸಿಕೊಳ್ಳುವ ಕೆಲಸಗಾರನ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ತೆರಬೇಕೆಂದು 2025ರ ಸೆಪ್ಟೆಂಬರಿನಲ್ಲಿ ಆ ದೇಶದ ಅಧ್ಯಕ್ಷರು ಘೋಷಿಸಿದಾಗ ಈ ಮನೆಗಳಲ್ಲಿ ಅನ್ನ ರುಚಿಸಲಿಲ್ಲ. ‘ದುಡಿದವನಿಗೆ ಬಾಗಿಲು ಹಾಕುವುದು ಯಾವ ನ್ಯಾಯ?’ ಎಂಬ ಪ್ರಶ್ನೆ ಎದ್ದಿತು.

ಆ ಪ್ರಶ್ನೆ ಸಲ್ಲತಕ್ಕದ್ದೇ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬುವರ ಮೊಕದ್ದಮೆಯಲ್ಲಿ ಅಮೆರಿಕಾದ ಸರ್ವೋಚ್ಚ ನ್ಯಾಯಾಲಯವು, ಭಾರತೀಯನು ‘ಬಿಳಿಯ’ನಲ್ಲವಾದುದರಿಂದ ಪೌರತ್ವಕ್ಕೆ ಅರ್ಹನಲ್ಲವೆಂದು ತೀರ್ಪಿತ್ತಿತು. 1946ರಲ್ಲಿ ಆ ಬಾಗಿಲು ತೆರೆಯಿತಾದರೂ ಇಡೀ ಭಾರತಕ್ಕೆ ವರ್ಷಕ್ಕೆ ನೂರೇ ಮಂದಿಯೆಂಬ ಮಿತಿ ಬಂದಿತು. 1965ರ ಕಾನೂನು ಜನಾಂಗದ ಆ ಹಳೆಯ ಲೆಕ್ಕವನ್ನು ಕೈಬಿಟ್ಟಿತು. ಆದರೆ ಹುಟ್ಟಿದ ದೇಶದ ಲೆಕ್ಕವನ್ನು ಬಿಡಲಿಲ್ಲ. ಉದ್ಯೋಗದ ಆಧಾರದ ಮೇಲೆ ವರ್ಷಕ್ಕೆ ಸುಮಾರು 1,40,000 ಮಂದಿಗೆ ಖಾಯಂ ನಿವಾಸದ ಪರವಾನಗಿ ದೊರೆಯುತ್ತದೆ. ಯಾವ ಒಂದು ದೇಶಕ್ಕೂ ಸಾಮಾನ್ಯವಾಗಿ ಶೇಕಡ 7ಕ್ಕಿಂತ ಹೆಚ್ಚು ಇಲ್ಲ. ಐಸ್‌ಲೆಂಡಿಗೂ ಅದೇ ಪಾಲು, ಭಾರತಕ್ಕೂ ಅದೇ ಪಾಲು! ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಹೋದವನು ತೆರಿಗೆ ಕಟ್ಟುತ್ತ, ಮನೆ ಕೊಂಡು, ತಲೆ ನರೆತರೂ ಸರದಿಯಲ್ಲಿಯೇ ನಿಂತಿರುತ್ತಾನೆ. ಕಂಕುಳಲ್ಲಿ ಎತ್ತಿಕೊಂಡು ಹೋದ ಮಗು 21 ವರ್ಷ ತುಂಬಿದೊಡನೆ ತಂದೆಯ ಸರದಿಯಿಂದಲೇ ಹೊರಬೀಳಬಹುದು. ಆ ಹುಡುಗನಿಗೆ ನೆನಪಿರುವ ಊರು ಅಮೆರಿಕಾದ್ದೇ. ದಾಖಲೆಯ ಊರು ಮಾತ್ರ ಬೇರೆ.

ಇನ್ನು ಇದೇ ಮನೆಯ ಇನ್ನೊಂದು ದಿನದ ಮಾತು. 2024ರ ಜುಲೈ 15ರಂದು ಕರ್ನಾಟಕದ ಸಚಿವ ಸಂಪುಟವು ಒಂದು ಮಸೂದೆಗೆ ಒಪ್ಪಿಗೆ ಇತ್ತಿತು. ಖಾಸಗಿ ಉದ್ಯಮಗಳಲ್ಲಿ ಆಡಳಿತ ಹುದ್ದೆಗಳಲ್ಲಿ ಶೇಕಡ 50, ಉಳಿದವುಗಳಲ್ಲಿ ಶೇಕಡ 70 ಸ್ಥಳೀಯರಿಗೆ ಮೀಸಲು. ಉದ್ಯಮಿಗಳಿಂದ ಗದ್ದಲವೆದ್ದು ಎರಡೇ ದಿನಗಳಲ್ಲಿ ಅದನ್ನು ತಡೆಹಿಡಿಯಲಾಯಿತು. ಆ ಎರಡು ದಿನಗಳಲ್ಲಿ ‘ಇದು ಮೊದಲೇ ಆಗಬೇಕಾಗಿತ್ತು’ ಎಂದು ಸಂತೋಷಪಟ್ಟ ಮನೆಗಳಲ್ಲಿ, ಅಮೆರಿಕಾಕ್ಕೆ ಮಕ್ಕಳನ್ನು ಕಳುಹಿಸಿದ ಮನೆಗಳೂ ಇರಲಿಲ್ಲವೆ?

ಸ್ಥಳೀಯನೆಂದರೆ ಯಾರು? ರಾಜ್ಯದಲ್ಲಿ ಹುಟ್ಟಿ, 15 ವರ್ಷ ನೆಲೆಸಿ, ಕನ್ನಡವನ್ನು ಆಡಲು, ಓದಲು, ಬರೆಯಲು ಬಲ್ಲವನು ಎಂದು ಮಸೂದೆ ಹೇಳಿತು. ಪ್ರೌಢಶಾಲೆಯಲ್ಲಿ ಕನ್ನಡ ಕಲಿಯದವನಿಗೆ ಪರೀಕ್ಷೆ. ಇದನ್ನು ಪಾವಗಡದ ಗಡಿಯಲ್ಲಿಟ್ಟು ನೋಡಬೇಕು. ಮನೆಯಲ್ಲಿ ತೆಲುಗಾಡುವ ಪಾವಗಡದ ಹುಡುಗಿ, ಶಾಲೆಯಲ್ಲಿ ಕನ್ನಡ ಓದಿದವಳು, ಸ್ಥಳೀಯಳು, ಅದು ಸರಿಯೇ. ಮಡಕಶಿರಾದ ಹುಡುಗ ತೊಟ್ಟಿಲಿನಿಂದ ಕನ್ನಡವನ್ನೇ ಕೇಳಿದವನು, ಕನ್ನಡ ಶಾಲೆಯಲ್ಲಿಯೇ ಕಲಿತವನು; ಬೆಂಗಳೂರಿನಲ್ಲಿ ಇಪ್ಪತ್ತು ವರ್ಷ ದುಡಿದರೂ ಸ್ಥಳೀಯನಲ್ಲ, ಏಕೆಂದರೆ ಹುಟ್ಟಿದುದು ಗಡಿಯಾಚೆ. ಇತ್ತ ಪೆನುಕೊಂಡೆಯ ಬಳಿ ಕಾರಿನ ಕಾರ್ಖಾನೆ ಎದ್ದ 2019ರಲ್ಲಿಯೇ ಆಂಧ್ರವು ಕೈಗಾರಿಕೆಗಳಲ್ಲಿ ಶೇಕಡ 75 ಕೆಲಸ ತನ್ನವರಿಗೆಂದು ಕಾನೂನು ಮಾಡಿತು. ನೆರೆಯ ಪಾವಗಡದವನು ಅಲ್ಲಿ ಪರಕೀಯ!

ಅಮೆರಿಕಾ ಪರದೇಶ, ಕರ್ನಾಟಕ ಭಾರತದ ಒಂದು ರಾಜ್ಯ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬಹುದೆ ಎಂಬ ಆಕ್ಷೇಪವುಂಟು. ಹಾಕಲಾಗದು, ನಿಜ. ಆದರೆ ಆ ವ್ಯತ್ಯಾಸದಿಂದ ಮಡಕಶಿರಾದವನ ಹಕ್ಕು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ದೇಶದಲ್ಲಿ ಎಲ್ಲಿಯಾದರೂ ಹೋಗಿ ನೆಲೆಸುವ ಸ್ವಾತಂತ್ರ್ಯವನ್ನು ಸಂವಿಧಾನವೇ ಅವನಿಗೆ ಕೊಟ್ಟಿದೆ. ಹರಿಯಾಣದ ಇಂತಹುದೇ ಕಾನೂನನ್ನು ಅಲ್ಲಿನ ಉಚ್ಚ ನ್ಯಾಯಾಲಯವು 2023ರ ನವೆಂಬರಿನಲ್ಲಿ ರದ್ದುಮಾಡಿತು.

ಹಾಗೆಂದು ಸ್ಥಳೀಯರ ಅಳಲು ಸುಳ್ಳೆನ್ನುವಂತಿಲ್ಲ. ಪಾವಗಡ ತಾಲ್ಲೂಕಿನ ತಿರುಮಣಿ ಮೊದಲಾದ ಐದು ಹಳ್ಳಿಗಳ ಸುಮಾರು 13,000 ಎಕರೆ ನೆಲವು ಸೂರ್ಯವಿದ್ಯುತ್ತಿನ ಸ್ಥಾವರಕ್ಕೆ ಹೋಯಿತು. ಅದರ ಸಾಮರ್ಥ್ಯ 2,050 ಮೆಗಾವಾಟ್. ಹೊಲದ ಒಡೆಯನಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಮೊದಲಾಗುವ ಗುತ್ತಿಗೆ ದೊರೆಯಿತು. ಆ ಹೊಲದಲ್ಲಿ ಕಳೆ ಕೀಳುತ್ತಿದ್ದ ಭೂಹೀನ ಕೂಲಿಗೆ ಗುತ್ತಿಗೆಯೂ ಇಲ್ಲ, ಹೊಲವೂ ಇಲ್ಲ. ಇಂತಹವರಿಗೆ ಕೆಲಸದಲ್ಲಿ ಮೊದಲ ಪಾಲು ಕೊಡುವುದು ಋಣ ತೀರಿಸಿದಂತೆ. ಆದರೆ ಆ ಪಾಲು ಬರುವುದು ಅವರು ಕಳೆದುಕೊಂಡುದರಿಂದ, ಹುಟ್ಟಿದ ಊರಿನಿಂದಲ್ಲ.

ಹುಟ್ಟಿದ ಊರೆಂಬುದಾದರೂ ಎಷ್ಟು ಹಿಂದಿನದು? 1687ರಿಂದ ಮೊಗಲರ ಸುಬೆಯ ರಾಜಧಾನಿಯಾಗಿದ್ದ ಶಿರಾದಿಂದ ಟಿಪ್ಪುವಿನ ಕಾಲದಲ್ಲಿ 12,000 ಕುಟುಂಬಗಳನ್ನು ಬಲವಂತವಾಗಿ ಎಬ್ಬಿಸಿ, ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ನೆಲೆಗೊಳಿಸಿದರೆಂದು ಗ್ಯಾಸೆಟಿಯರುಗಳು ದಾಖಲಿಸಿವೆ. ಅವರ ಸಂತತಿಯವರನ್ನು ಇಂದು ಯಾರೂ ಗಂಜಾಮಿಗೆ ಹೊರಗಿನವರೆನ್ನುವುದಿಲ್ಲ, ಶಿರಾದವರೆಂದೂ ಕರೆಯುವುದಿಲ್ಲ.

ಮಸೂದೆ ಎಂದಾದರೂ ಪುನಃ ಸಭೆಯ ಮುಂದೆ ಬಂದರೆ ಹದಿನೈದು ವರ್ಷದ ಮಾತಿರಲಿ, ಕನ್ನಡದ ಮಾತಂತೂ ಇರಲೇಬೇಕು. ಇವೆರಡೂ ಮನುಷ್ಯನು ದುಡಿದು, ಕಲಿತು ಗಳಿಸಬಹುದಾದವು. ‘ರಾಜ್ಯದಲ್ಲಿ ಹುಟ್ಟಿ’ ಎಂಬ ಎರಡು ಪದಗಳನ್ನು ಮಾತ್ರ ಹೊಡೆದುಹಾಕುವುದು ಲೇಸು. ಅಮೆರಿಕಾದ ಸರದಿಯಲ್ಲಿ ನಿಂತ ಮಗನಿಗಾಗಿ ಬೆಂಗಳೂರಿನ ತಾಯಿತಂದೆಗಳು ಆ ದೇಶದಿಂದ ಕೇಳುತ್ತಿರುವುದೂ ಬಹುಮಟ್ಟಿಗೆ ಇದನ್ನೇ.