ಲಿನಕ್ಸ್ ತಂತ್ರಾಂಶ ತೆರೆಯದಿದ್ದರೆ ಫಾರ್ಮ್ಯಾಟ್ ಪರಿಹಾರವಲ್ಲ

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆ ನೀಡುತ್ತಿದ್ದ ಸಾಮಾನ್ಯ ಬೆಂಬಲ ಕೊನೆಗೊಂಡಿತು. ವಿಂಡೋಸ್ 11 ಅಳವಡಿಸಲಾಗದ ಹಳೆಯ ಗಣಕಯಂತ್ರಗಳನ್ನು ಗುಜರಿಗೆ ಹಾಕುವ ಬದಲು, ಉಚಿತವಾಗಿ ದೊರೆಯುವ ಲಿನಕ್ಸ್ ವ್ಯವಸ್ಥೆಯಲ್ಲಿ ನಡೆಸುವುದು ಮಿತವ್ಯಯದ ಮಾರ್ಗ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ ಮತ್ತು ಎಚ್.ಡಿ.ಕೋಟೆ ತಾಲ್ಲೂಕುಗಳ ಗೊಬ್ಬರದ ಅಂಗಡಿ, ಅಕ್ಕಿ ಗಿರಣಿ, ಸಣ್ಣ ಕಾರ್ಖಾನೆಗಳಿಗೂ ಇದು ಅನುಕೂಲಕರ. ಆದರೆ ಬೆಳಿಗ್ಗೆ ತಂತ್ರಾಂಶ ತೆರೆಯದೇ ಹೋದರೆ ನೋಡುವವರು ಯಾರು ಎಂಬ ಭಯ ವ್ಯಾಪಾರಿಗಳನ್ನು ಹಿಂದೆಗೆಯುತ್ತದೆ.

ಈ ಭಯಕ್ಕಿಂತ ಅಪಾಯಕಾರಿಯಾದುದು ಒಂದು ರೂಢಿ. ತಂತ್ರಾಂಶ ತೆರೆಯದಿದ್ದರೆ ಕಾರಣ ಹುಡುಕದೆ ಡಿಸ್ಕನ್ನೇ ಫಾರ್ಮ್ಯಾಟ್ ಮಾಡಿಸುವ ರೂಢಿ ಅದು. ಪ್ರತಿ ತೆಗೆದಿಡದಿದ್ದರೆ ತಂತ್ರಾಂಶದೊಡನೆ ಲೆಕ್ಕವೂ ಅಳಿಯುತ್ತದೆ. ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನಂತೆ, ವಾರ್ಷಿಕ ವಿವರಣೆ ಸಲ್ಲಿಕೆಯ ಕೊನೆಯ ದಿನದಿಂದ 72 ತಿಂಗಳವರೆಗೆ ಲೆಕ್ಕಪತ್ರಗಳನ್ನು ಕಾಪಾಡಬೇಕು. ತಂಬಾಕು ಹರಾಜಿನ ಹಣ ಕೈಸೇರುವ ಕಾಲದಲ್ಲಿ ರೈತರ ಗೊಬ್ಬರದ ಬಾಕಿಯ ಖಾತೆಯೇ ಕಾಣೆಯಾದರೆ ಆಗುವ ನಷ್ಟವನ್ನು ವಿವರಿಸಬೇಕಾಗಿಲ್ಲ.

ವಾಸ್ತವವಾಗಿ ಲಿನಕ್ಸ್ ತನ್ನ ತೊಂದರೆಯನ್ನು ಬಹುಮಟ್ಟಿಗೆ ತಾನೇ ಹೇಳಿಕೊಳ್ಳುತ್ತದೆ. ಚಿತ್ರಸಂಕೇತವನ್ನು ಒತ್ತಿದಾಗ ಏನೂ ಆಗದಿದ್ದರೆ, ಟರ್ಮಿನಲ್ ತೆರೆದು ತಂತ್ರಾಂಶದ ಹೆಸರನ್ನು ಟೈಪ್ ಮಾಡಿ ಎಂಟರ್ ಒತ್ತಬೇಕು. ಆಗ ಮೂಡುವ ಸಾಲುಗಳಲ್ಲೇ ಕಾರಣ ಇರುತ್ತದೆ. 'ನೋ ಸ್ಪೇಸ್ ಲೆಫ್ಟ್' ಎಂದರೆ ಡಿಸ್ಕ್ ತುಂಬಿದೆ. 'ಪರ್ಮಿಷನ್ ಡಿನೈಡ್' ಎಂದರೆ ಕಡತವನ್ನು ನಡೆಸುವ ಅಥವಾ ಓದುವ ಅನುಮತಿ ಇಲ್ಲ. 'ಶೇರ್ಡ್ ಲೈಬ್ರರೀಸ್' ಎಂಬ ಮಾತು ಬಂದರೆ ತಂತ್ರಾಂಶ ಅವಲಂಬಿಸಿರುವ ಸಹಾಯಕ ಕಡತ ಸಿಗುತ್ತಿಲ್ಲ. ಅದನ್ನಷ್ಟೇ ಅಳವಡಿಸಿದರೆ ಸಾಕು. ಇವುಗಳಲ್ಲಿ ಯಾವುದಕ್ಕೂ ಫಾರ್ಮ್ಯಾಟ್ ಬೇಕಿಲ್ಲ.

ಕೆಲಸದ ನಡುವೆ ವಿದ್ಯುತ್ ಹೋದಾಗ ಬಳಕೆದಾರನ ಆಯ್ಕೆಗಳನ್ನು ಬರೆದಿಡುವ ಕಡತ ಕೆಡುವುದೂ ಉಂಟು. ಇದನ್ನು ತಿಳಿಯಲು ಸುಲಭ ಪರೀಕ್ಷೆಯಿದೆ. ಅದೇ ಯಂತ್ರದಲ್ಲಿ ಹೊಸ ಬಳಕೆದಾರನ ಹೆಸರು ಸೃಷ್ಟಿಸಿ ತಂತ್ರಾಂಶವನ್ನು ತೆರೆಯಬೇಕು. ಅಲ್ಲಿ ತೆರೆದರೆ ದೋಷ ತಂತ್ರಾಂಶದ್ದಲ್ಲ, ಹಳೆಯ ಆಯ್ಕೆಗಳದು. ಆ ಆಯ್ಕೆಗಳ ಕಡತಕೋಶವನ್ನು ಅಳಿಸದೆ ಹೆಸರು ಬದಲಿಸಿಟ್ಟರೆ ತಂತ್ರಾಂಶ ಹೊಸದನ್ನು ಸೃಷ್ಟಿಸಿಕೊಳ್ಳುತ್ತದೆ. ಬೇಕೆನಿಸಿದಾಗ ಹಳೆಯದನ್ನು ಮರಳಿ ಪಡೆಯಬಹುದು. ಲಿಬ್ರೆಆಫೀಸ್‌ನಲ್ಲಿ ಇದೇ ಉದ್ದೇಶಕ್ಕೆ 'ಸೇಫ್ ಮೋಡ್' ಎಂಬ ವ್ಯವಸ್ಥೆಯೇ ಇದೆ.

ಲಿನಕ್ಸ್‌ಗೂ ಮಿತಿಗಳಿವೆ. ಟ್ಯಾಲಿ ವಿಂಡೋಸ್‌ಗಾಗಿ ರೂಪಿಸಿದ ತಂತ್ರಾಂಶ. ವೈನ್ ಎಂಬ ಮಧ್ಯವರ್ತಿ ತಂತ್ರಾಂಶದ ಮೂಲಕ ಅದು ಸುಸೂತ್ರವಾಗಿ ನಡೆದೀತೆಂಬ ಭರವಸೆಯಿಲ್ಲ. ಡಿಜಿಟಲ್ ಸಹಿಯ ಟೋಕನ್, ಬಿಲ್ ಮುದ್ರಣಯಂತ್ರ ಇವುಗಳನ್ನೂ ಮೊದಲೇ ಪರೀಕ್ಷಿಸಬೇಕು. ತಿಂಗಳಿಗೊಮ್ಮೆ ವಿವರಣೆ ಸಲ್ಲಿಸುವವರಿಗೆ 11 ಮತ್ತು 20ನೇ ತಾರೀಖುಗಳು ಗಡುವಿನ ದಿನಗಳು; ಅವುಗಳ ಹಿಂದಿನ ದಿನ ವ್ಯವಸ್ಥೆ ಬದಲಿಸುವುದು ವಿವೇಕವಲ್ಲ. ಡಿಸ್ಕ್ ಸ್ವತಃ ಕೆಡುತ್ತಿದ್ದರೆ ಯಾವ ಪ್ರಯೋಗವನ್ನೂ ಮಾಡದೆ ಮೊದಲು ಲೆಕ್ಕದ ಪ್ರತಿ ತೆಗೆಯಬೇಕು.

ತಂತ್ರಜ್ಞರ ಅಗತ್ಯವೇ ಇಲ್ಲವೆಂದು ಇದರ ಅರ್ಥವಲ್ಲ. ತಂತ್ರಜ್ಞರನ್ನು ಕರೆಯುವ ಮುನ್ನ ದೋಷದ ಸಾಲನ್ನು ಬರೆದಿಟ್ಟುಕೊಂಡು, ಲೆಕ್ಕದ ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ಉಳಿಸಿದರೆ ಅವರ ಸಮಯವೂ ಮಾಲೀಕರ ಹಣವೂ ಉಳಿಯುತ್ತವೆ. ಪ್ರತಿ ಅಂಗಡಿಯಿಂದ ಒಬ್ಬ ಗುಮಾಸ್ತರಿಗೆ ಈ ಕೆಲವು ಹಂತಗಳನ್ನು ಕಲಿಸುವ ಒಂದು ದಿನದ ತರಬೇತಿಯನ್ನು ವಾಣಿಜ್ಯ ಸಂಘಗಳು ತಾಲ್ಲೂಕು ಕೇಂದ್ರಗಳಲ್ಲೇ ಏರ್ಪಡಿಸಬೇಕು. ಲೆಕ್ಕದ ಪುಸ್ತಕವನ್ನು ಪರರ ಕೈಗೆ ಕೊಡದ ವ್ಯಾಪಾರಿ, ಲೆಕ್ಕವಿರುವ ಡಿಸ್ಕನ್ನೂ ಅಷ್ಟೇ ಜತನದಿಂದ ಕಾಯುವುದು ಉಚಿತ.