ಬದಲಾಗುವುದೂ ಸತ್ಯವೇ

ಬಳೆ, ಸರ, ಓಲೆ ಎಲ್ಲ ಬರೀ ಹೆಸರು, ಚಿನ್ನವೊಂದೇ ನಿಜ. ಹಾಗೆಯೇ ಜಗತ್ತು ತೋರಿಕೆ, ಬದಲಾಗದ ಒಂದೇ ತತ್ತ್ವ ನಿಜ. ಉಪನ್ಯಾಸಗಳಲ್ಲಿ ಈ ಮಾತು ಕೇಳದವರಿಲ್ಲ. ಛಾಂದೋಗ್ಯ ಉಪನಿಷತ್ತಿನಲ್ಲಿ ಉದ್ದಾಲಕ ಮಗ ಶ್ವೇತಕೇತುವಿಗೆ ಮಣ್ಣು, ಚಿನ್ನ, ಕಬ್ಬಿಣದ ಉದಾಹರಣೆ ಕೊಟ್ಟು ಹೇಳುವ ಪಾಠವಿದು. ಶಂಕರರ ಅದ್ವೈತಕ್ಕೆ ಇದು ದೊಡ್ಡ ಆಧಾರ.

ಅಕ್ಕಸಾಲಿಗರ ಮನೆಯಲ್ಲಿ ಬೆಳೆದ ನನಗೆ ಇದು ಅರ್ಧ ಮಾತ್ರ ಒಪ್ಪಿಗೆ. ಒಮ್ಮೆ ಒಬ್ಬಾಕೆ ತೀರಿಹೋದ ತಾಯಿಯ ಕಾಸಿನ ಸರ ತಂದು, ಮಗಳ ಮದುವೆಗೆ ಬಳೆ ಮಾಡಿಕೊಡಿ ಎಂದರು. ಸರ ಮೂಸೆಗೆ ಬಿದ್ದಾಗ ಸೆರಗಿನಿಂದ ಕಣ್ಣೊರೆಸಿಕೊಂಡರು. ಮಗಳು ಖುಷಿಯಿಂದ ಬಳೆಯ ನಮೂನೆ ಆರಿಸುತ್ತಿದ್ದಳು. ನನ್ನ ಅಪ್ಪನ ಲಕ್ಷ್ಯವೆಲ್ಲ ತಕ್ಕಡಿಯ ಮೇಲೆ.

ಜೈನಾಚಾರ್ಯ ಸಮಂತಭದ್ರರ ‘ಆಪ್ತಮೀಮಾಂಸೆ’ಯಲ್ಲೂ ಇಂಥ ಮೂವರಿದ್ದಾರೆ. ಚಿನ್ನದ ಕೊಡ ಮುರಿದು ಕಿರೀಟ ಮಾಡಿದರೆ ಕೊಡ ಬೇಕಿದ್ದವನಿಗೆ ದುಃಖ, ಕಿರೀಟ ಬೇಕಿದ್ದವನಿಗೆ ಸಂತೋಷ, ಚಿನ್ನವಷ್ಟೇ ಸಾಕೆಂದವನಿಗೆ ಎರಡೂ ಇಲ್ಲ. ಮೂವರ ಭಾವಕ್ಕೂ ಕಾರಣವುಂಟು. ಹುಟ್ಟು, ಅಳಿವು, ಉಳಿವು ಮೂರೂ ಕೂಡಿದ್ದೇ ಸತ್ ಎಂಬುದು ಜೈನರ ನಿಲುವು. ಉದ್ದಾಲಕ ಹಿಡಿದದ್ದೂ ಅದೇ ಚಿನ್ನ. ಹೊರಟ ತೀರ್ಮಾನ ಮಾತ್ರ ಬೇರೆ.

13ನೇ ಶತಮಾನದಲ್ಲಿ ಉಡುಪಿಯ ಮಧ್ವರು ಇನ್ನೊಂದು ಕಡೆಯಿಂದ ವಾದಿಸಿದರು. ಅವರ ಪರಮಾತ್ಮ ಬದಲಾಗದವನೇ. ಆದರೆ ಬದಲಾಗುವ ಜಗತ್ತೂ ಸತ್ಯ, ದೇವರು, ಜೀವ, ಜಡಗಳ ನಡುವಿನ ಪಂಚಭೇದವೂ ಸತ್ಯ, ಅನಿತ್ಯವಾದದ್ದು ಮಿಥ್ಯೆಯಾಗಬೇಕಿಲ್ಲ. ಬೌದ್ಧರಂತೂ ಬದಲಾಗದೆ ಉಳಿಯುವ ಚಿನ್ನವನ್ನೇ ಒಪ್ಪಲಿಲ್ಲ.

ಬದಲಾವಣೆ ಎನ್ನಬೇಕಾದರೆ ಬದಲಾಗದ ಆಧಾರವೊಂದು ಬೇಡವೇ ಎಂದು ಅದ್ವೈತಿಗಳು ಕೇಳುತ್ತಾರೆ. ಗಟ್ಟಿ ಪ್ರಶ್ನೆಯೇ. ಆದರೆ ಸರ ಬಳೆಯಾಗುವಷ್ಟು ಹೊತ್ತು ಚಿನ್ನ ಚಿನ್ನವಾಗಿದ್ದರೆ ಸಾಕು, ಅದು ಅನಾದಿ ಆಗಬೇಕಿಲ್ಲ. ಚಿನ್ನಕ್ಕೂ ಹುಟ್ಟಿದೆ: ನ್ಯೂಟ್ರಾನ್ ತಾರೆಗಳ ಡಿಕ್ಕಿಯಲ್ಲಿ ಇಂಥ ಭಾರದ ಧಾತುಗಳು ಹುಟ್ಟುತ್ತವೆ ಎಂಬುದಕ್ಕೆ 2017ರಲ್ಲಿ ಖಗೋಳ ವಿಜ್ಞಾನಿಗಳಿಗೆ ಪುರಾವೆ ಸಿಕ್ಕಿತು. ಇನ್ನು ಆಧಾರ ಬೇಕು ಎಂದ ಮಾತ್ರಕ್ಕೆ ಅದು ಒಂದೇ ಎಂದಾಗಲಿ, ಅದರ ಮೇಲೆ ನಿಂತದ್ದು ಕೆಳದರ್ಜೆಯ ಸತ್ಯ ಎಂದಾಗಲಿ ಸಿದ್ಧವಾಗುವುದಿಲ್ಲ.

ಶಂಕರರ ವಾದವನ್ನು ಓದಲೇಬೇಕು, ಅದರ ಬಿಗಿ ಅಂಥದ್ದು. ಆದರೆ ಪರಮಸತ್ಯ ಒಂದೇ, ಅಚಲ ಎಂಬುದು ಒಂದು ದರ್ಶನದ ತೀರ್ಮಾನ. ನಮ್ಮ ನಾಡಿನ ಒಟ್ಟು ತೀರ್ಪಲ್ಲ. ಶೃಂಗೇರಿ, ಉಡುಪಿ, ಶ್ರವಣಬೆಳಗೊಳ ಮೂರೂ ಇರುವ ರಾಜ್ಯದಲ್ಲಿ ಮೈಕ್ ಹಿಡಿದವರು ಇಷ್ಟನ್ನಾದರೂ ಸೇರಿಸಿ ಹೇಳಲಿ.